ವಾಲ್ವ್ ರೇಡಿಯೊ ಹಾಕಿಯೇ ಇಡುವುದೋ, ಬಂದ್ ಮಾಡುವುದೋ? ಕಾರವಾರ–ಶಿರಸಿ ಹವೆಗೆ ತಕ್ಕ ಸಮಗ್ರ ಮಾರ್ಗದರ್ಶಿ

ವಾಲ್ವ್ ಸೆಟ್, ಅಂದರೆ ಟ್ರಾನ್ಸಿಸ್ಟರಿಗೂ ಮೊದಲಿನ, ಗಾಜಿನ ಬುರುಡೆಯಂಥ ವಾಲ್ವುಗಳಿಂದ ನಡೆಯುವ ಹಳೇ ರೇಡಿಯೊ ಇಟ್ಟುಕೊಂಡವರಲ್ಲಿ ಎರಡು ಪಂಗಡ. ಹಾಕುವಾಗಲೇ ವಾಲ್ವಿಗೆ ಪೆಟ್ಟು, ಹಾಗಾಗಿ ಒಮ್ಮೆ ಹಾಕಿದ್ದನ್ನು ಬಂದ್ ಮಾಡಲೇಬಾರದು ಎನ್ನುವವರು ಒಂದು ಕಡೆ. ಉರಿದಷ್ಟೂ ಆಯುಷ್ಯ ಸವೆಯುತ್ತದೆ, ಕೇಳಿ ಮುಗಿದ ಕೂಡಲೇ ಬಂದ್ ಮಾಡಿ ಎನ್ನುವವರು ಇನ್ನೊಂದು ಕಡೆ. ಎರಡರಲ್ಲೂ ಅರ್ಧರ್ಧ ನಿಜವಿದೆ. ಆದರೆ ಕಾರವಾರ, ಅಂಕೋಲಾ, ಕುಮಟಾದ ಉಪ್ಪುಗಾಳಿಯಲ್ಲಿ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಳೆಯಲ್ಲಿ ಇದನ್ನು ತೀರ್ಮಾನಿಸುವುದು ಹೆಚ್ಚಾಗಿ ಕಂಡೆನ್ಸರ್ (ಕೆಪಾಸಿಟರ್), ವೋಲ್ಟೇಜ್ ಮತ್ತು ತೇವ. ವಾಲ್ವಿನ ಪಾಲು ಜನ ತಿಳಿದಷ್ಟಿಲ್ಲ. ಮೇಲಾಗಿ ಮಳೆಗಾಲದಲ್ಲಿ ನೀವು ಹಾಕಿಟ್ಟರೂ ಸೆಟ್ ಹಾಕಿಯೇ ಇರುವುದಿಲ್ಲ. ತಂತಿಯ ಮೇಲೆ ಮರದ ಟೊಂಗೆ ಬಿದ್ದಾಗೆಲ್ಲ ಕರೆಂಟೇ ಅದನ್ನು ಬಂದ್ ಮಾಡಿ, ತನಗೆ ಬೇಕಾದಾಗ ಮತ್ತೆ ಹಾಕುತ್ತದೆ.

ಅವಸರದಲ್ಲಿರುವವರಿಗೆ ಇಷ್ಟು ಸಾಕು: ಮತ್ತೆ ಕೇಳುವುದು ಒಂದು ಗಂಟೆಯೊಳಗಾದರೆ ಹಾಗೇ ಬಿಡಿ. ಮೂರು ಗಂಟೆ ಮೀರುವುದಾದರೆ ಬಂದ್ ಮಾಡಿ. ನಡುವಿನ ಹೊತ್ತಾದರೆ ನೀವು ಮನೆಯಲ್ಲಿದ್ದೀರೋ ಇಲ್ಲವೋ ಎಂಬುದನ್ನು ನೋಡಿ. ಮಲಗುವಾಗ, ಬೀಗ ಹಾಕಿ ಹೊರಡುವಾಗ, ದೂರದಲ್ಲಿ ಗುಡುಗು ಕೇಳಿದಾಗ ಪ್ಲಗ್ಗನ್ನೇ ಕಿತ್ತಿಡಿ. ಹಾಗೆಂದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೆಟ್ಟನ್ನು ತಣ್ಣಗೆ ಮೂಲೆಯಲ್ಲಿ ಬಿಡಲೂಬೇಡಿ. ಹೀಗೆ ಏಕೆ, ಅದಕ್ಕೆ ಏನೇನು ಮಾಡಬೇಕು ಎಂಬುದು ಮುಂದಿದೆ.

ಹಾಕುವ ಕ್ಷಣದಲ್ಲಿ ಆಗುವುದೇನು

ವಾಲ್ವಿನೊಳಗೆ ಎಲೆಕ್ಟ್ರಾನ್ ಹೊರಸೂಸುವುದು ಕ್ಯಾಥೋಡ್, ಅದನ್ನು ಎಳೆದುಕೊಳ್ಳುವುದು ಆನೋಡ್, ನಡುವೆ ಹರಿವನ್ನು ಹತೋಟಿಯಲ್ಲಿಡುವುದು ಗ್ರಿಡ್. ಕ್ಯಾಥೋಡನ್ನು ಕಾಯಿಸುವ ಹೀಟರಿನ ತಂತಿ ಟಂಗ್‌ಸ್ಟನ್ನಿನದು. ತಣ್ಣಗಿದ್ದಾಗ ಅದರ ರೆಸಿಸ್ಟೆನ್ಸ್ ತೀರಾ ಕಡಿಮೆ, ಕಾದಂತೆ ಏರುತ್ತದೆ. ಸ್ಪೀಕರ್ ನಡೆಸುವ ಔಟ್‌ಪುಟ್ ವಾಲ್ವಾದ ಇಎಲ್84ರ ಹೀಟರ್ 6.3 ವೋಲ್ಟಿಗೆ 0.76 ಆಂಪಿಯರ್ ಎಳೆಯುತ್ತದೆ, ಅಂದರೆ ಕಾದಾಗ ಸುಮಾರು 8.3 ಓಮ್. ಅದೇ ವಾಲ್ವನ್ನು ಸಾಕೆಟ್ಟಿನಿಂದ ಕಿತ್ತು, ತಣ್ಣಗಿರುವಾಗ 4 ಮತ್ತು 5ನೇ ಪಿನ್ನುಗಳಿಗೆ ಮಲ್ಟಿಮೀಟರ್ ಇಟ್ಟರೆ ಒಂದೆರಡು ಓಮ್ ಮಾತ್ರ ತೋರಿಸುತ್ತದೆ. ಹಾಗಾಗಿ ಸ್ವಿಚ್ ಹಾಕಿದ ಮೊದಲ ಒಂದೆರಡು ಸೆಕೆಂಡು ಮಾಮೂಲಿನ ಐದಾರು ಪಟ್ಟು ಕರೆಂಟ್ ಹರಿಯಲು ನೋಡುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಿನಲ್ಲಿ ವೈಂಡಿಂಗಿನ ರೆಸಿಸ್ಟೆನ್ಸೇ ಅದಕ್ಕೆ ಕಡಿವಾಣ ಹಾಕುತ್ತದೆ. ಸರಿಯಾಗಿರುವ ಹೀಟರ್ ದಿನಕ್ಕೆ ಎರಡು ಮೂರು ಸಲ ಹಾಕಿ ತೆಗೆಯುವುದನ್ನು ವರ್ಷಗಟ್ಟಲೆ ತಾಳಿಕೊಳ್ಳುತ್ತದೆ. ಹಾಕುವಾಗ ಸುಟ್ಟುಹೋಗುವುದು ಸಾಮಾನ್ಯವಾಗಿ ಮೊದಲೇ ಸೊರಗಿದ ಹೀಟರ್. ಕೆಲವು ವಾಲ್ವುಗಳ ಬುಡದಲ್ಲಿ ಹಾಕಿದ ಕೂಡಲೇ ಬೆಳ್ಳಗೆ ಒಂದು ಮಿಂಚು ಕಂಡು ಮಾಯವಾಗುತ್ತದೆ. ಅದು ಆ ವಾಲ್ವಿನ ರಚನೆಯ ಗುಣ, ಗಾಬರಿಪಡುವಂಥದ್ದಲ್ಲ.

ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರ ಮೇನ್ಸಿನಲ್ಲಿ (ಮನೆಗೆ ಬರುವ ಕರೆಂಟಿನಲ್ಲಿ) ನಡೆಯುವ ಎಸಿ/ಡಿಸಿ ಸೆಟ್ಟುಗಳ ಕಥೆ ಬೇರೆ. ಯುಸಿಎಚ್81, ಯುಎಫ್89, ಯುಎಬಿಸಿ80, ಯುಎಲ್84, ಯುವೈ85 ಎಂಬ ಐದು ವಾಲ್ವಿನ ಸೆಟ್ಟಿನಲ್ಲಿ ಹೀಟರುಗಳೆಲ್ಲ ಸಾಲಾಗಿ ಜೋಡಿಸಲ್ಪಟ್ಟಿರುತ್ತವೆ. ಕ್ರಮವಾಗಿ 19, 12.6, 28.5, 45, 38 ವೋಲ್ಟ್, ಒಟ್ಟು 143. 230ರಲ್ಲಿ ಉಳಿದ 87 ವೋಲ್ಟನ್ನು ಡ್ರಾಪರ್ ರೆಸಿಸ್ಟರ್ ತಿನ್ನುತ್ತದೆ. ಸಾಲಿನಲ್ಲಿ ಯಾವ ವಾಲ್ವ್ ಬೇಗ ಕಾಯುತ್ತದೋ ಅದರ ಮೇಲೆ ಕ್ಷಣಕಾಲ ಹೆಚ್ಚು ವೋಲ್ಟೇಜ್ ಬೀಳುತ್ತದೆ. ಒಳ್ಳೆಯ ಸೆಟ್ಟುಗಳಲ್ಲಿ ಇದನ್ನು ತಡೆಯಲೆಂದೇ ಥರ್ಮಿಸ್ಟರ್, ಅಂದರೆ ತಣ್ಣಗಿದ್ದಾಗ ಹೆಚ್ಚು ತಡೆದು ಕಾದಂತೆ ತಡೆ ಇಳಿಸುವ ರೆಸಿಸ್ಟರ್, ಇರುತ್ತದೆ. ಯಾರೋ ರಿಪೇರಿಯವರು ಅದನ್ನು ತೆಗೆದು ತಂತಿ ಬೆಸೆದಿದ್ದರೆ, ಪದೇ ಪದೇ ಹಾಕಿ ತೆಗೆಯುವುದು ನಿಜಕ್ಕೂ ಕೆಟ್ಟದ್ದು. ಮೊದಲು ಥರ್ಮಿಸ್ಟರ್ ಹಾಕಿಸಿ, ಆಮೇಲೆ ಉಳಿದ ಮಾತು.

'ಎನಿಯಾಕ್ ಕಂಪ್ಯೂಟರನ್ನು ಆರಿಸುತ್ತಲೇ ಇರಲಿಲ್ಲವಂತೆ' ಎಂಬ ವಾದ ಆಗಾಗ ಕೇಳಿಬರುತ್ತದೆ. ನಿಜವೇ. 1946ರಲ್ಲಿ ಲೋಕಕ್ಕೆ ತೋರಿಸಿದ ಆ ಯಂತ್ರದಲ್ಲಿ ಹದಿನೇಳು ಸಾವಿರಕ್ಕೂ ಮಿಕ್ಕಿ ವಾಲ್ವುಗಳಿದ್ದವು. ಆರಿಸಿ ಹಾಕುವಾಗಲೇ ಹೆಚ್ಚು ಕೆಡುತ್ತಿದ್ದುದರಿಂದ ಅದನ್ನು ಹಗಲೂ ರಾತ್ರಿ ಉರಿಸುತ್ತಿದ್ದರು. ಯುದ್ಧಕಾಲದಲ್ಲಿ ಇಂಗ್ಲೆಂಡಿನಲ್ಲಿ ಗುಪ್ತಸಂದೇಶ ಬಿಡಿಸುವ ಕೊಲೊಸಸ್ ಯಂತ್ರ ಕಟ್ಟಿದ ಟಾಮಿ ಫ್ಲವರ್ಸ್ ಕೂಡ ಟೆಲಿಫೋನ್ ಎಕ್ಸ್‌ಚೇಂಜಿನ ಅನುಭವದಿಂದ ಇದನ್ನೇ ಹೇಳಿದ್ದರು. ಆದರೆ ಅಷ್ಟು ವಾಲ್ವುಗಳಲ್ಲಿ ಒಂದು ಹೋದರೂ ಲೆಕ್ಕವೆಲ್ಲ ನಿಲ್ಲುತ್ತಿತ್ತು. ಕಾವಲಿಗೆ ಜನರಿದ್ದರು, ಕರೆಂಟಿನ ಬಿಲ್ ಸರ್ಕಾರದ್ದು. ಐದು ವಾಲ್ವಿನ ಮನೆ ರೇಡಿಯೊಗೆ ಆ ಗಣಿತ ಒಗ್ಗದು.

ಹಾಕಿಯೇ ಇಟ್ಟರೆ ಸವೆಯುವುದು ಯಾವುದು

ವರ್ಷಕ್ಕೆ 8,760 ಗಂಟೆ. ದಿನಕ್ಕೆ ಎರಡು ತಾಸು ಕೇಳುವವರು ಬಳಸುವುದು 730. ಹಾಕಿಯೇ ಇಟ್ಟರೆ ಒಂದೇ ವರ್ಷದಲ್ಲಿ ಹನ್ನೆರಡು ವರ್ಷದ ಬಳಕೆ ಮುಗಿಯುತ್ತದೆ. ಕ್ಯಾಥೋಡಿನ ಮೇಲಿನ ಬೇರಿಯಂ–ಸ್ಟ್ರಾನ್ಷಿಯಂ ಆಕ್ಸೈಡಿನ ಲೇಪ 700–800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡುತ್ತ ಸ್ವಲ್ಪಸ್ವಲ್ಪವೇ ತೀರುತ್ತದೆ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಮತ್ತು ಔಟ್‌ಪುಟ್ ವಾಲ್ವು ಮೊದಲು ಸೊರಗುತ್ತವೆ. ಇಎಂ80, ಇಎಂ84ರಂಥ ಮ್ಯಾಜಿಕ್ ಐ (ಸ್ಟೇಶನ್ ಸರಿಯಾಗಿ ಹಿಡಿದಿದೆಯೇ ಎಂದು ತೋರಿಸುವ ಕಣ್ಣು) ಇರುವ ಸೆಟ್ಟಾದರೆ ಅದರ ಹಸಿರು ಬೆಳಕೇ ಎಲ್ಲಕ್ಕಿಂತ ಮೊದಲು ಮಂಕಾಗುವುದು. ಒಳ್ಳೆಯ ಕಣ್ಣು ಈಗ ಸಿಗುವುದೂ ಕಷ್ಟ, ಸಿಕ್ಕರೂ ದುಬಾರಿ. ಕಣ್ಣಿಗಾಗಿಯಾದರೂ ಬಂದ್ ಮಾಡಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ವಾಲ್ವಿಗಿಂತ ದೊಡ್ಡ ಚಿಂತೆ ಕಂಡೆನ್ಸರಿನದು. ಸಾಮಾನ್ಯ ಸೆಟ್ ಎಳೆಯುವ 50 ವ್ಯಾಟಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಪೆಟ್ಟಿಗೆಯೊಳಗಿನ ಬಿಸಿಯಾಗಿಯೇ ಉಳಿಯುತ್ತದೆ. ಎಲೆಕ್ಟ್ರೊಲೈಟಿಕ್ ಕಂಡೆನ್ಸರಿನ ಬಾಳಿಕೆ ಪ್ರತಿ 10 ಡಿಗ್ರಿ ಬಿಸಿಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ಎಲ್ಲರೂ ಹಿಡಿಯುವ ಲೆಕ್ಕ. ಮೇಣ ಹಾಕಿದ ಹಳೇ ಪೇಪರ್ ಕಂಡೆನ್ಸರ್ ಇನ್ನೂ ಅಪಾಯಕಾರಿ. ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಹೋಗುವ ಕಪ್ಲಿಂಗ್ ಕಂಡೆನ್ಸರ್ ಸೋರಿದರೆ ಗ್ರಿಡ್ ಪಾಸಿಟಿವ್ ಆಗುತ್ತದೆ, ವಾಲ್ವ್ ಹೆಚ್ಚು ಕರೆಂಟ್ ಎಳೆಯುತ್ತದೆ, ಪೆಟ್ಟಿಗೆ ಇನ್ನೂ ಬಿಸಿಯಾಗುತ್ತದೆ, ಬಿಸಿಗೆ ಸೋರಿಕೆ ಮತ್ತೂ ಹೆಚ್ಚುತ್ತದೆ. ಕೊನೆಗೆ ಆನೋಡ್ ಕೆಂಪಾಗಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ನೀವು ಎದುರಿಗೆ ಕೂತಿದ್ದರೆ ದನಿ ಒಡೆಯುವುದು ಕೇಳಿಸುತ್ತದೆ, ಮೇಣದ ವಾಸನೆ ಮೂಗಿಗೆ ಬಡಿಯುತ್ತದೆ. ತೋಟಕ್ಕೆ ಹೋಗಿದ್ದರೆ ಎರಡೂ ಇಲ್ಲ.

ಬಿಲ್ಲಿನ ಲೆಕ್ಕ ಸಣ್ಣದು: 50 ವ್ಯಾಟ್ ಸದಾ ಉರಿದರೆ ತಿಂಗಳಿಗೆ 36 ಯೂನಿಟ್.

ಇನ್ನೊಂದು ಸೂಕ್ಷ್ಮವಿದೆ. ಹೀಟರ್ ಕಾದಿದ್ದು, ಆನೋಡ್ ಕರೆಂಟ್ ಹರಿಯದೆ ನೂರಾರು ತಾಸು ಹಾಗೇ ಬಿಟ್ಟರೆ, ಕ್ಯಾಥೋಡಿನ ನಿಕ್ಕಲ್ ಕೊಳವೆಗೂ ಅದರ ಮೇಲಿನ ಲೇಪಕ್ಕೂ ನಡುವೆ ಒಂದು ಪದರ ಬೆಳೆಯುತ್ತದೆ. ನಿಕ್ಕಲ್ಲಿನಲ್ಲಿರುವ ಸಿಲಿಕಾನ್ ಅಂಶ ಬೇರಿಯಂ ಜೊತೆ ಸೇರಿ ಆಗುವಂಥದ್ದು. ಅದು ರೆಸಿಸ್ಟರಿನಂತೆ ಅಡ್ಡ ನಿಂತು ವಾಲ್ವಿನ ಗೇನ್ ತಗ್ಗಿಸುತ್ತದೆ. ಈ ಕಾಟ ತಪ್ಪಿಸಲೆಂದೇ ಕಂಪ್ಯೂಟರಿಗೆ ಬೇರೆ ಬಗೆಯ ನಿಕ್ಕಲ್ ಬಳಸಿದ ವಾಲ್ವುಗಳನ್ನು ತಯಾರಿಸಿದರು. ಆದ್ದರಿಂದ ಬರೀ ಹೀಟರ್ ಉರಿಸಿ ಎಚ್.ಟಿ. (ಆನೋಡಿಗೆ ಹೋಗುವ ಹೈ ವೋಲ್ಟೇಜ್) ತಪ್ಪಿಸುವ ಸ್ಟ್ಯಾಂಡ್‌ಬೈ ಸ್ವಿಚ್ಚು ಅರ್ಧ ತಾಸಿಗೆ ಸರಿ, ಅರ್ಧ ದಿನಕ್ಕಲ್ಲ.

ಬಿಡುವ ಮೊದಲು ಸೆಟ್ಟಿನ ಪರೀಕ್ಷೆ

ಒಂದು ತಾಸು ಹಾಕಿ ಬಿಡುವುದಕ್ಕೂ ಸೆಟ್ ಯೋಗ್ಯವೇ ಎಂದು ಮೊದಲು ತಿಳಿಯಬೇಕು. ಪ್ಲಗ್ ಕಿತ್ತಮೇಲೂ ಎಚ್.ಟಿ. ಕಂಡೆನ್ಸರಿನಲ್ಲಿ 300 ವೋಲ್ಟ್ ಉಳಿದಿರಬಹುದು. 10 ಕಿಲೋ ಓಮ್, 5 ವ್ಯಾಟಿನ ರೆಸಿಸ್ಟರಿಗೆ ಇನ್ಸುಲೇಶನ್ ಇರುವ ತಂತಿ ಬೆಸೆದು, ಐದು ಸೆಕೆಂಡ್ ಎಚ್.ಟಿ.ಗೂ ಷಾಸಿಗೂ (ಸೆಟ್ಟಿನ ಲೋಹದ ತಳಹದಿ) ನಡುವೆ ಹಿಡಿದು, ಮೀಟರಿನಲ್ಲಿ ಸೊನ್ನೆ ಕಂಡಮೇಲೇ ಕೈ ಹಾಕಿ. ಎಸಿ/ಡಿಸಿ ಸೆಟ್ಟಿನಲ್ಲಿ ಷಾಸಿ ನೇರವಾಗಿ ಮೇನ್ಸಿಗೆ ಅಂಟಿಕೊಂಡಿರುತ್ತದೆ. ಎರಡು ಪಿನ್ನಿನ ಪ್ಲಗ್ ತಿರುವಿ ಹಾಕಿದರೆ ಸ್ವಿಚ್ ಬಂದ್ ಇದ್ದಾಗಲೂ ಷಾಸಿಯಲ್ಲಿ ಫೇಸ್ ಇರಬಹುದು. ಗುಬ್ಬಿ (ತಿರುಗಿಸುವ ನಾಬ್) ಕಳಚಿಬಿದ್ದ ಸೆಟ್ಟಿನ ಲೋಹದ ಕಡ್ಡಿ ಮುಟ್ಟಿದರೂ ಹೊಡೆಯುತ್ತದೆ. ಪ್ರತಿ ಸಲ ಟೆಸ್ಟರ್ ಹಚ್ಚಿ ನೋಡಿ. ಮಳೆಗಾಲದ ಒದ್ದೆ ಮಣ್ಣಿನ ನೆಲದ ಮೇಲೆ ಬರಿಗಾಲಲ್ಲಿ ನಿಂತು ಇಂಥ ಸೆಟ್ ಬಿಚ್ಚಲೇಬೇಡಿ.

1. ಮೊದಲ ಸಲ 60 ವ್ಯಾಟಿನ ತಂತಿ ಬಲ್ಬನ್ನು ಸೀರೀಸಿನಲ್ಲಿ ಹಾಕಿ ಕರೆಂಟ್ ಕೊಡಿ. ಎಲ್‌ಇಡಿ ಬಲ್ಬ್ ಇದಕ್ಕೆ ಬರುವುದಿಲ್ಲ. ಬಲ್ಬ್ ಒಮ್ಮೆ ಜೋರಾಗಿ ಉರಿದು, ಆಮೇಲೆ ಮಂಕಾದರೆ ಸರಿ. ಜೋರಾಗಿಯೇ ಉರಿಯುತ್ತಿದ್ದರೆ ಒಳಗೆ ಶಾರ್ಟ್ ಇದೆ. ಅಲ್ಲಿಗೇ ನಿಲ್ಲಿಸಿ.

2. ಬಲ್ಬ್ ತೆಗೆದು ನೇರ ಕರೆಂಟ್ ಕೊಟ್ಟು, ಹತ್ತು ನಿಮಿಷ ಕಾದಮೇಲೆ ಇಎಲ್84ರ 2ನೇ ಪಿನ್ನಿನಲ್ಲಿ, ಅಂದರೆ ಗ್ರಿಡ್ಡಿನಲ್ಲಿ, ಡಿಸಿ ಅಳೆಯಿರಿ. ಸೊನ್ನೆಯ ಆಸುಪಾಸು ಇರಬೇಕು. ಒಂದು ವೋಲ್ಟ್ ಪಾಸಿಟಿವ್ ಕಂಡರೂ ಕಪ್ಲಿಂಗ್ ಕಂಡೆನ್ಸರ್ ಸೋರುತ್ತಿದೆ ಎಂದೇ ಲೆಕ್ಕ. ಸರ್ಕ್ಯೂಟಿನಲ್ಲಿರುವ ಬೆಲೆಯದೇ (ಹೆಚ್ಚಿನ ಸೆಟ್ಟುಗಳಲ್ಲಿ 0.01 ಅಥವಾ 0.02 ಮೈಕ್ರೋಫ್ಯಾರಡ್), 630 ವೋಲ್ಟಿನ ಪಾಲಿಯೆಸ್ಟರ್ ಹಾಕಿ.

3. 3ನೇ ಪಿನ್ನಿನಲ್ಲಿ ಕ್ಯಾಥೋಡ್ ವೋಲ್ಟೇಜ್ ನೋಡಿ, ಅಲ್ಲಿರುವ ರೆಸಿಸ್ಟರಿನಿಂದ ಭಾಗಿಸಿ. 150 ಓಮಿನ ಮೇಲೆ 7.2 ವೋಲ್ಟ್ ಇದ್ದರೆ 48 ಮಿಲಿಆಂಪ್, ಇದು ಸರಿ. ಅದೇ ಜಾಗದಲ್ಲಿ 12 ವೋಲ್ಟ್ ಕಂಡರೆ 80 ಮಿಲಿಆಂಪ್. ಆ ವಾಲ್ವ್ ಹೆಚ್ಚು ಹೊತ್ತು ಬಾಳದು.

4. ಮೇನ್ಸ್ ತಂತಿಗಳ ನಡುವೆ ಕೂತಿರುವ ಹಳೇ ಪೇಪರ್ ಕಂಡೆನ್ಸರನ್ನು ಕೇಳದೆಯೇ ಬದಲಿಸಿ. ಅಲ್ಲಿಗೆ 'ಎಕ್ಸ್2' ಎಂದು ಗುರುತಿರುವ 275 ವೋಲ್ಟ್ ಎಸಿಯದು, ಮೇನ್ಸಿನಿಂದ ಷಾಸಿಗೆ ಹೋಗುವುದಾದರೆ 'ವೈ2' ಗುರುತಿನದು. ಸಾದಾ ಕಂಡೆನ್ಸರ್ ಅಲ್ಲಿ ಒಡೆದು ಹೊಗೆಯೇಳುತ್ತದೆ.

5. ಎಚ್.ಟಿ. ಕಂಡೆನ್ಸರ್ ಹಳತಾಗಿದ್ದರೆ 47 ಮೈಕ್ರೋಫ್ಯಾರಡ್, 450 ವೋಲ್ಟ್, 105 ಡಿಗ್ರಿಯದು ಹಾಕಿ. ದೊಡ್ಡದಿದ್ದರೆ ಒಳ್ಳೆಯದೆಂದು 100 ಹಾಕಬೇಡಿ. ಇಝಡ್80 ರೆಕ್ಟಿಫೈಯರಿನ ಮೊದಲ ಕಂಡೆನ್ಸರಿಗೆ 50 ಮೈಕ್ರೋಫ್ಯಾರಡೇ ಮಿತಿ. ರೆಕ್ಟಿಫೈಯರ್ ವಾಲ್ವಿನ ಬದಲು ಡಯೋಡ್ ಹಾಕಿದ ಸೆಟ್ಟಿನಲ್ಲಿ, ಉಳಿದ ವಾಲ್ವು ಕಾಯುವ ಮೊದಲೇ ಎಚ್.ಟಿ. ತುತ್ತತುದಿಗೆ ಏರುತ್ತದೆ. 250 ವೋಲ್ಟಿನ ವೈಂಡಿಂಗ್ ಆಗ 350 ತಲುಪುವುದರಿಂದ 350ರ ಕಂಡೆನ್ಸರ್ ಅಲ್ಲಿ ಉಳಿಯದು.

6. ಒಂದು ತಾಸು ಓಡಿಸಿ, ಬಂದ್ ಮಾಡಿ, ಪ್ಲಗ್ ಕಿತ್ತು ಟ್ರಾನ್ಸ್‌ಫಾರ್ಮರ್ ಮುಟ್ಟಿ ನೋಡಿ. ಅಂಗೈ ಹತ್ತು ಸೆಕೆಂಡ್ ಇಡಲಾಗದಿದ್ದರೆ ಎಲ್ಲೋ ಹೆಚ್ಚು ಕರೆಂಟ್ ಹರಿಯುತ್ತಿದೆ.

ಈ ಆರರಲ್ಲಿ ಒಂದು ತಪ್ಪಿದರೂ ಸೆಟ್ಟನ್ನು ಒಂಟಿಯಾಗಿ ಬಿಡುವ ಪ್ರಶ್ನೆಯೇ ಇಲ್ಲ.

ವೋಲ್ಟೇಜ್: ಹೆಚ್ಚಾದರೆ ವಾಲ್ವಿಗೆ ಸಂಕಟ

ಹಳೇ ಸೆಟ್ಟಿನ ಬೆನ್ನಲ್ಲಿ 200, 220, 240 ಎಂದು ಬರೆದ ಟ್ಯಾಪ್, ಅಂದರೆ ಮನೆಯ ವೋಲ್ಟೇಜಿಗೆ ತಕ್ಕಂತೆ ಬದಲಿಸುವ ಜೋಡಣೆ, ಇರುತ್ತದೆ. 220ರಲ್ಲಿಟ್ಟ ಸೆಟ್ಟಿಗೆ 250 ವೋಲ್ಟ್ ಬಂದರೆ 6.3 ವೋಲ್ಟಿನ ಹೀಟರಿಗೆ ಬೀಳುವುದು ಸುಮಾರು 7.2. ವಾಲ್ವ್ ತಯಾರಕರು ಒಪ್ಪುವ ಮಿತಿ ಹತ್ತು ಪ್ರತಿಶತ, ಅಂದರೆ 6.9ರವರೆಗೆ. ಸಂಜೆ ತೋಟದ ಪಂಪ್‌ಸೆಟ್ಟುಗಳೆಲ್ಲ ಓಡುವಾಗ ಮುಳ್ಳು ಕೆಳಗಿಳಿಯುತ್ತದೆ, ಅವು ನಿಂತಮೇಲೆ ನಡುರಾತ್ರಿ ಏರುತ್ತದೆ. ರಾತ್ರಿಯಿಡೀ ಹಾಕಿಡುವವರ ವಾಲ್ವು ಅತಿ ಹೆಚ್ಚು ಬಿಸಿಯಾಗುವುದು ಯಾರೂ ಕೇಳದ ಆ ಹೊತ್ತಿನಲ್ಲೇ.

ಅಳೆಯಬೇಕಾದ್ದು ಗೋಡೆಯ ಪಾಯಿಂಟಿನಲ್ಲಲ್ಲ, ವಾಲ್ವಿನ ಸಾಕೆಟ್ಟಿನಲ್ಲೇ. ಇಎಲ್84ರ 4 ಮತ್ತು 5ರ ನಡುವೆ ಎಸಿ 6.0ರಿಂದ 6.6ರೊಳಗೆ ಇರಲಿ. ಹಗಲು ಒಮ್ಮೆ, ರಾತ್ರಿ ಹತ್ತರ ಮೇಲೆ ಒಮ್ಮೆ ನೋಡಿ. ಹೆಚ್ಚಿದ್ದರೆ ಮೊದಲು ಟ್ಯಾಪ್ 240ಕ್ಕೆ ಬದಲಿಸಿ. ಟ್ಯಾಪ್ ಇಲ್ಲವಾದರೆ 230ರಿಂದ 12 ವೋಲ್ಟಿನ, 1 ಆಂಪಿನ ಸಣ್ಣ ಟ್ರಾನ್ಸ್‌ಫಾರ್ಮರ್ ತಂದು, ಪ್ರೈಮರಿಯನ್ನು ಮೇನ್ಸಿಗೂ ಸೆಕೆಂಡರಿಯನ್ನು ಸೆಟ್ಟಿಗೆ ಹೋಗುವ ಫೇಸಿನ ಸಾಲಿಗೂ ಜೋಡಿಸಿ. ಮೀಟರಿನಲ್ಲಿ ವೋಲ್ಟೇಜ್ ಇಳಿಯುವ ಬದಲು ಏರಿದರೆ ಸೆಕೆಂಡರಿಯ ಎರಡು ತುದಿ ಅದಲುಬದಲು ಮಾಡಿ. ಎಲ್ಲವನ್ನೂ ಫ್ಯೂಸ್ ಸಮೇತ ಮುಚ್ಚಿದ ಪೆಟ್ಟಿಗೆಯಲ್ಲಿಡಿ.

ಕಡಿಮೆ ವೋಲ್ಟೇಜೂ ಒಳ್ಳೆಯದಲ್ಲ. ಹೀಟರ್ 5.7ಕ್ಕಿಂತ ಕೆಳಗಿಳಿದು, ಆನೋಡ್ ಕರೆಂಟ್ ಮಾತ್ರ ಹರಿಯುತ್ತಿದ್ದರೆ ಕ್ಯಾಥೋಡ್ ಬೇಗ ಸೊರಗುತ್ತದೆ. ಅಂಥ ಹೊತ್ತಿನಲ್ಲಿ ಬಂದ್ ಮಾಡುವುದೇ ಲೇಸು.

ಇನ್‌ವರ್ಟರ್ ಇದ್ದವರಿಗೆ ಒಂದು ಮಾತು. ಸ್ಕ್ವೇರ್ ವೇವ್ ಇನ್‌ವರ್ಟರಿನಲ್ಲಿ ಹೀಟರಿಗೆ ಸರಿಯಾದ ಬಿಸಿ ಸಿಕ್ಕರೂ ಎಚ್.ಟಿ. ಸುಮಾರು ಕಾಲುಭಾಗ ಇಳಿಯುತ್ತದೆ, ಏಕೆಂದರೆ ಅದರ ಅಲೆಗೆ ಸೈನ್ ವೇವಿನ ಎತ್ತರವಿಲ್ಲ. ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ, ರೇಡಿಯೊದಲ್ಲಿ ಕರಕರ ತುಂಬುತ್ತದೆ, ಅಗ್ಗದ ಮೀಟರ್ ತಪ್ಪು ತೋರಿಸುತ್ತದೆ. ಕರೆಂಟ್ ಹೋದಾಗ ಸೆಟ್ ತಾನಾಗಿ ಇನ್‌ವರ್ಟರಿಗೆ ಜಾರದಂತೆ ಬೇರೆ ಪಾಯಿಂಟಿನಲ್ಲಿ ಇಡಿ.

ಕರೆಂಟ್ ಹೋಗಿ ಬಂದು ಮಾಡುವಾಗ

ಹಾಕಿಯೇ ಇಡುವವರು ಇಲ್ಲೇ ಸೋಲುವುದು. ಸಂಜೆಯ ಗಾಳಿಮಳೆಗೆ ಕರೆಂಟ್ ಏಳೆಂಟು ಸಲ ಹೋಗಿ ಬಂದರೆ, ನೀವು ತಪ್ಪಿಸಬೇಕೆಂದುಕೊಂಡ ಪೆಟ್ಟು ಅಷ್ಟೂ ಸಲ ಬಿದ್ದಹಾಗಾಯಿತು. ಬರುವಾಗ ಒಮ್ಮೊಮ್ಮೆ ಹೆಚ್ಚು ವೋಲ್ಟೇಜ್ ಹೊತ್ತೇ ಬರುತ್ತದೆ.

ಅಡಿಕೆ ತೋಟದ ಪಂಪಿನ ಸ್ಟಾರ್ಟರಿನಲ್ಲಿ ಕರೆಂಟ್ ಹೋದರೆ ಕಾಯಿಲ್ ಬಿಟ್ಟು ಮೋಟಾರ್ ನಿಲ್ಲುತ್ತದೆ, ಹಸಿರು ಗುಂಡಿ ಒತ್ತದೆ ಮತ್ತೆ ಓಡದು. ರೇಡಿಯೊಗೂ ಅದೇ ಏರ್ಪಾಡು ಮಾಡಿ. 230 ವೋಲ್ಟ್ ಎಸಿ ಕಾಯಿಲಿನ, 5 ಆಂಪ್ ಕಾಂಟ್ಯಾಕ್ಟಿನ ಒಂದು ರಿಲೇ, ಒತ್ತಿದಾಗ ಕೂಡುವ ಹಸಿರು ಗುಂಡಿ, ಒತ್ತಿದಾಗ ಬಿಡುವ ಕೆಂಪು ಗುಂಡಿ, ಇಷ್ಟೇ ಸಾಮಾನು. ಫೇಸ್ ಮೊದಲು ಫ್ಯೂಸಿಗೆ, ಅಲ್ಲಿಂದ ರಿಲೇಯ ಕಾಂಟ್ಯಾಕ್ಟ್ ಮೂಲಕ ಸೆಟ್ಟಿಗೆ. ಹಸಿರು ಗುಂಡಿ ಆ ಕಾಂಟ್ಯಾಕ್ಟಿಗೆ ಪ್ಯಾರಲಲ್. ಕಾಯಿಲಿಗೆ ಫೇಸ್ ಸಿಗುವುದು ಕಾಂಟ್ಯಾಕ್ಟಿನ ಆಚೆ ತುದಿಯಿಂದ, ಕೆಂಪು ಗುಂಡಿಯ ಮೂಲಕ. 50 ವ್ಯಾಟಿನ ಸೆಟ್ಟಿಗೆ ಅರ್ಧ ಆಂಪಿನ ನಿಧಾನಗತಿಯ ಫ್ಯೂಸ್ ಸಾಕು. ಇಷ್ಟು ಮಾಡುವ ವ್ಯವಧಾನವಿಲ್ಲದಿದ್ದರೆ, ಮೂರು ನಿಮಿಷ ತಡೆದು ಕರೆಂಟ್ ಕೊಡುವ ಫ್ರಿಜ್ ಸ್ಟೆಬಿಲೈಸರ್ ಬಳಸಿ. ವೋಲ್ಟೇಜ್ ಹೆಚ್ಚಾದರೆ ಕಡಿದುಬಿಡುವ ಗುಣವೂ ಅದಕ್ಕಿದೆ.

ಹಾಕುವ ಪೆಟ್ಟು ತಗ್ಗಿಸಲು ಫ್ಯೂಸಿನ ನಂತರ ಒಂದು ಎನ್‌ಟಿಸಿ ಥರ್ಮಿಸ್ಟರ್ ಸೇರಿಸಬಹುದು. ತಣ್ಣಗಿದ್ದಾಗ 100–120 ಓಮ್, ತಾಳುವ ಕರೆಂಟ್ 2 ಆಂಪ್ ಇರುವಂಥದ್ದು ಸಣ್ಣ ಸೆಟ್ಟಿಗೆ ಹೊಂದುತ್ತದೆ. ಅದು ಕೆಲಸ ಮಾಡುವಾಗ ಕೈ ಸುಡುವಷ್ಟು ಬಿಸಿಯಾಗುತ್ತದೆ; ಮರಕ್ಕೆ, ವಯರಿಗೆ ತಾಗದಂತೆ ಟ್ಯಾಗ್ ಸ್ಟ್ರಿಪ್ಪಿನ ಮೇಲೆ ಎತ್ತರಿಸಿ ಬೆಸೆಯಿರಿ. ಬಂದ್ ಮಾಡಿದ ಕೂಡಲೇ ಮತ್ತೆ ಹಾಕಿದರೆ ಅದಿನ್ನೂ ಬಿಸಿಯಿದ್ದು ತಡೆ ಒಡ್ಡುವುದಿಲ್ಲ. ಐದು ನಿಮಿಷ ಬಿಟ್ಟು ಹಾಕಿ.

ಹಾಕಿಯೇ ಇಡುವವರ ಪರವಾಗಿ ಒಂದು ನ್ಯಾಯವಾದ ಮಾತೂ ಇದೆ. ವಾಲ್ಯೂಮ್ ಗುಬ್ಬಿಗೇ ಅಂಟಿಕೊಂಡ ಹಳೇ ಸ್ವಿಚ್ಚು ಸವೆದರೆ ಅದೇ ಅಳತೆಯದು ಸಿಗುವುದಿಲ್ಲ. ಅದನ್ನು ಹಾಕಿದ ಸ್ಥಿತಿಯಲ್ಲೇ ಬಿಟ್ಟು, ಹಸಿರು–ಕೆಂಪು ಗುಂಡಿಯಲ್ಲೇ ಕೆಲಸ ನಡೆಸಿದರೆ ಆ ತೊಂದರೆಯೂ ತಪ್ಪುತ್ತದೆ.

ಸ್ಟ್ಯಾಂಡ್‌ಬೈ ಬೇಕೇ ಬೇಕೆಂದರೆ

ಎಚ್.ಟಿ. ತಂತಿಯನ್ನು ಸ್ವಿಚ್ಚಿನಿಂದ ಪೂರ್ತಿ ಕಡಿಯುವ ಬದಲು, ಸ್ವಿಚ್ಚಿಗೆ ಪ್ಯಾರಲಲ್ ಆಗಿ 100 ಕಿಲೋ ಓಮ್, 2 ವ್ಯಾಟಿನ ರೆಸಿಸ್ಟರ್ ಹಾಕಿ. ಸ್ವಿಚ್ ಬಂದ್ ಇದ್ದಾಗಲೂ ಒಂದೆರಡು ಮಿಲಿಆಂಪ್ ಹರಿಯುತ್ತಿರುತ್ತದೆ. ಮೇಲೆ ಹೇಳಿದ ಪದರ ಬೆಳೆಯುವುದಕ್ಕೆ ಅದು ತಡೆ, ಸ್ವಿಚ್ ಹಾಕುವಾಗ 'ಠಪ್' ಎನ್ನುವ ಸದ್ದೂ ಕಡಿಮೆ. ಸ್ವಿಚ್ಚಿನ ಮೇಲೆ 250 ವೋಲ್ಟ್ ಎಸಿ ಎಂದು ಬರೆದಿದ್ದ ಮಾತ್ರಕ್ಕೆ ಅಷ್ಟೇ ಡಿಸಿ ತಾಳುತ್ತದೆಂದು ಭಾವಿಸಬೇಡಿ. ಡಿಸಿಯ ಕಿಡಿ ಬೇಗ ಆರದು. ದಪ್ಪ ಕಾಂಟ್ಯಾಕ್ಟಿನ, ಗಟ್ಟಿಯಾಗಿ ಟಕ್ಕೆಂದು ಬೀಳುವ ಟಾಗಲ್ ಸ್ವಿಚ್ ಆರಿಸಿ.

ಮೃಗಶಿರದಿಂದ ಮಘೆಯವರೆಗೆ

ಬಂದ್ ಮಾಡುವವರಿಗೆ ನಮ್ಮ ಹವೆ ಕೊಡುವ ಪೆಟ್ಟು ಇದು. ಎರಡು ತಿಂಗಳು ಹಾಕದೆ ಬಿಟ್ಟ ಸೆಟ್ಟಿನ ಹಿಂಬದಿ ಬಿಚ್ಚಿ ನೋಡಿ: ಐಎಫ್ ಕಾಯಿಲಿನ ಮೇಲೆ ಬಿಳಿ ಬೂಸು, ವಾಲ್ವ್ ಪಿನ್ನಿನ ಮೇಲೆ ಕಪ್ಪು, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಿಂದ ಹೊರಬಂದ ಕೂದಲೆಳೆ ತಾಮ್ರದ ತಂತಿಯ ತುದಿಯಲ್ಲಿ ಹಸಿರು ಕಲೆ. ಕರಾವಳಿಯಲ್ಲಿ ಉಪ್ಪೂ ಸೇರುತ್ತದೆ. ಗಾಳಿಯ ತೇವ ಸುಮಾರು 75 ಪ್ರತಿಶತ ದಾಟಿದರೆ ಉಪ್ಪಿನ ಕಣ ತಾನೇ ನೀರೆಳೆದು ಕರಗುತ್ತದೆ, ಕರೆಂಟ್ ಹರಿಯುವ ಹಾದಿಯಾಗುತ್ತದೆ. ಹಸಿಯಿದ್ದಾಗ ಆ ಸಣ್ಣ ತಂತಿಗೆ ಎಚ್.ಟಿ.ಯ ಪಾಸಿಟಿವ್ ವೋಲ್ಟೇಜ್ ಸಿಕ್ಕರೆ ತಾಮ್ರ ಕರಗಿ ಕಡಿದೇಹೋಗುತ್ತದೆ. ಮಳೆಗಾಲ ಕಳೆದು ದಸರೆಗೆ ಹಾಕಿದಾಗ ಸೆಟ್ ಮೂಕವಾಗಿರುವುದಕ್ಕೆ ಬಹಳ ಸಲ ಇದೇ ಕಾರಣ.

ಮದ್ದು ಅಗ್ಗದ್ದು. 26 ಡಿಗ್ರಿಯಲ್ಲಿ 95 ಪ್ರತಿಶತ ತೇವವಿರುವ ಗಾಳಿಯನ್ನು 34 ಡಿಗ್ರಿಗೆ ಕಾಯಿಸಿದರೆ ತೇವ 60ಕ್ಕೆ ಇಳಿಯುತ್ತದೆ. 31 ಡಿಗ್ರಿಗೆ ಕಾಯಿಸಿದರೂ 71. ಉಪ್ಪು ಒಣಗಿಯೇ ಇರಲು ಅಷ್ಟು ಸಾಕು. ಇದಕ್ಕೆ ಇಡೀ ಸೆಟ್ ಉರಿಸುವ ಅಗತ್ಯವಿಲ್ಲ. 15 ವ್ಯಾಟಿನ ಹಳೇ ಝೀರೋ ಬಲ್ಬನ್ನು ಪೆಟ್ಟಿಗೆಯ ತಳದಲ್ಲಿ, ಮರದಿಂದ, ಡಯಲ್ ದಾರದಿಂದ, ಮೇಣದ ಕಾಯಿಲಿನಿಂದ ನಾಲ್ಕು ಬೆರಳು ದೂರ, ಪಿಂಗಾಣಿ ಹೋಲ್ಡರಿನಲ್ಲಿ ನಿಲ್ಲಿಸಿ. ಎಲ್‌ಇಡಿ ಝೀರೋ ಬಲ್ಬಿನಿಂದ ಬಿಸಿ ಬರುವುದಿಲ್ಲ, ತರುವಾಗ ಕೇಳಿ ತನ್ನಿ. ಹಿಂಬದಿ ಹಲಗೆಯ ಮೇಲಿನ ತೂತುಗಳನ್ನು ತೆರೆದೇ ಬಿಡಿ. ಇದರ ಖರ್ಚು ತಿಂಗಳಿಗೆ 11 ಯೂನಿಟ್ಟಿನ ಒಳಗೆ. ಸಿಲಿಕಾ ಜೆಲ್ ಪೊಟ್ಟಣ ಇಂಥ ತೆರೆದ ಪೆಟ್ಟಿಗೆಯಲ್ಲಿ ಎರಡು ದಿನವೂ ನಿಲ್ಲದು.

ವಾರಕ್ಕೊಮ್ಮೆ ಸೆಟ್ಟನ್ನು ಒಂದೂವರೆ ತಾಸು ಹಾಕಿ. ಹತ್ತು ನಿಮಿಷ ಹಾಕಿ ತೆಗೆಯುವುದರಿಂದ ಪ್ರಯೋಜನವಿಲ್ಲ, ಟ್ರಾನ್ಸ್‌ಫಾರ್ಮರಿನ ಒಳಗಿನ ಹಸಿ ಹೊರಬರಲು ತಾಸು ಬೇಕು. ಬಲ್ಬ್ ಇಡದೆ ತಿಂಗಳುಗಟ್ಟಲೆ ಬಿಟ್ಟಿದ್ದರೆ ಮೊದಲು ರಾತ್ರಿಯಿಡೀ ಝೀರೋ ಬಲ್ಬ್ ಉರಿಸಿ ಒಣಗಿಸಿ, ಮರುದಿನ ವಾಲ್ವ್ ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಸೀರೀಸ್ ಬಲ್ಬಿನ ಮೂಲಕವೇ ಕರೆಂಟ್ ಕೊಡಿ. ಶಿರಸಿ ಕಡೆ ಹಳೇ ಮನೆಗಳಲ್ಲಿ ಬೆಚ್ಚಗಿರಲೆಂದು ರೇಡಿಯೊವನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದುಂಟು. ತೇವವೇನೋ ತಗ್ಗುತ್ತದೆ, ಆದರೆ ಹೊಗೆಯ ಜಿಡ್ಡು ವೇವ್ ಚೇಂಜ್ ಸ್ವಿಚ್ಚಿನೊಳಗೆ ಕೂತು ಸ್ಟೇಶನ್ನೇ ಸಿಗದಂತಾಗುತ್ತದೆ.

ಹ್ಯಾಮ್‌ಗಳ ಟ್ರಾನ್ಸ್‌ಮಿಟರ್

ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು, ಬಳಸುವ ಯೇಸು ಎಫ್‌ಟಿ-101, ಕೆನ್‌ವುಡ್ ಟಿಎಸ್-520 ಸೆಟ್ಟುಗಳಲ್ಲಿ ಹೀಟರಿಗೇ ಬೇರೆ ಸ್ವಿಚ್ ಇದೆ. ರಿಸೀವರ್ ಟ್ರಾನ್ಸಿಸ್ಟರಿನದು, ಬರೀ ಕೇಳುವಾಗ ಡ್ರೈವರ್, ಫೈನಲ್ ವಾಲ್ವುಗಳ ಹೀಟರ್ ಬಂದ್ ಇಡಿ. ಪೆಟ್ಟಿಗೆ ತಂಪಾಗಿರುತ್ತದೆ, ಫ್ರೀಕ್ವೆನ್ಸಿ ಜಾರುವುದೂ ತಗ್ಗುತ್ತದೆ. ಮಾತಾಡುವ ಒಂದೆರಡು ನಿಮಿಷ ಮೊದಲು ಹೀಟರ್ ಹಾಕಿದರೆ ಸಾಕು. ಪೂರ್ತಿ ವಾಲ್ವಿನ ರಿಸೀವರಾದರೆ 7 ಮೆಗಾಹರ್ಟ್ಸ್‌ನ ಬೆಳಗಿನ ನೆಟ್ಟಿಗೆ (ಹ್ಯಾಮ್‌ಗಳು ಗೊತ್ತಾದ ಹೊತ್ತಿಗೆ ಸೇರುವ ಮಾತುಕತೆಗೆ) ಅರ್ಧ ತಾಸು ಮೊದಲೇ ಹಾಕಿ, ಇಲ್ಲವಾದರೆ ಪ್ರತಿ ಐದು ನಿಮಿಷಕ್ಕೆ ಗುಬ್ಬಿ ತಿರುವುವುದೇ ಕೆಲಸವಾಗುತ್ತದೆ. ಧಾರವಾಡದ 765 ಕಿಲೋಹರ್ಟ್ಸ್ ಕೇಳುವವರಿಗೆ ಈ ಜಾರುವಿಕೆ ಗೊತ್ತೂ ಆಗುವುದಿಲ್ಲ.

807, 6146 ವಾಲ್ವಿನ ಮನೆಯಲ್ಲೇ ಕಟ್ಟಿದ ಟ್ರಾನ್ಸ್‌ಮಿಟರಿನಲ್ಲಿ ಹೀಟರ್ ಪೂರ್ತಿ ಕಾಯುವ ಮೊದಲು ಹೈ ವೋಲ್ಟೇಜ್ ಕೊಡಬೇಡಿ. ರೇಡಿಯೊ ಸೆಟ್ಟಿನ 250 ವೋಲ್ಟಿನಲ್ಲಿ ಇದು ದೊಡ್ಡ ಸಂಗತಿಯಲ್ಲ. 600–700 ವೋಲ್ಟಿನಲ್ಲಿ ಹೌದು. 811ಎ, 3-500ಝಡ್ ವಾಲ್ವುಗಳ ಫಿಲಮೆಂಟ್ ಥೋರಿಯಂ ಬೆರೆತ ಟಂಗ್‌ಸ್ಟನ್. ಅದು ಸೆಕೆಂಡುಗಳಲ್ಲಿ ಕಾಯುವುದರಿಂದ ಅರ್ಧ ತಾಸಿಗಿಂತ ಹೆಚ್ಚು ಬಿಡುವಿದ್ದರೆ ಆರಿಸುವುದೇ ಸರಿ. ಒಂದು 3-500ಝಡ್ ಫಿಲಮೆಂಟಿಗೇ 5 ವೋಲ್ಟಿನಲ್ಲಿ 14.5 ಆಂಪ್, ಅಂದರೆ 70 ವ್ಯಾಟ್ ದಾಟುತ್ತದೆ. ಫಿಲಮೆಂಟ್ ಉರಿಯುವಷ್ಟು ಹೊತ್ತೂ ಫ್ಯಾನ್ ಓಡುತ್ತಿರಬೇಕು, ಆರಿಸಿದ ಮೇಲೂ ಐದು ನಿಮಿಷ. ನಡುವೆ ಕರೆಂಟ್ ಹೋದರೆ ಫ್ಯಾನೂ ನಿಲ್ಲುತ್ತದೆ, ಆದ್ದರಿಂದ ಮಳೆಯ ದಿನ ಲಿನಿಯರನ್ನು (ಟ್ರಾನ್ಸ್‌ಮಿಟರಿನ ಶಕ್ತಿ ಹೆಚ್ಚಿಸುವ ಆಂಪ್ಲಿಫೈಯರನ್ನು) ಸುಮ್ಮನೆ ಉರಿಸಿಡಬೇಡಿ. ಪಾದರಸದ 866ಎ ರೆಕ್ಟಿಫೈಯರಿಗೆ ಕನಿಷ್ಠ 30 ಸೆಕೆಂಡ್ ಫಿಲಮೆಂಟ್ ಕಾದಿರಬೇಕು. ಬಹಳ ದಿನ ಮಲಗಿದ್ದರೆ ಅಥವಾ ಸಾಗಿಸುವಾಗ ಪಾದರಸ ಚೆದುರಿದ್ದರೆ ಕಾಲು ತಾಸಿನಿಂದ ಅರ್ಧ ತಾಸು ಬರೀ ಫಿಲಮೆಂಟ್ ಉರಿಸಿ.

ಗುಡುಗಿನ ದಿನ

ಏಪ್ರಿಲ್–ಮೇ ತಿಂಗಳ ಸಂಜೆ, ಮತ್ತೆ ಅಕ್ಟೋಬರಿನಲ್ಲಿ ಸಿಡಿಲಿನ ಕಾಟ ಹೆಚ್ಚು. ಸ್ವಿಚ್ ಬಂದ್ ಮಾಡಿದರೆ ಸಾಲದು, ಸ್ವಿಚ್ಚಿನ ಎರಡು ಮಿಲಿಮೀಟರ್ ಸಂದು ಸಿಡಿಲಿಗೆ ಲೆಕ್ಕಕ್ಕಿಲ್ಲ. ಪ್ಲಗ್ ಕೀಳಿ, ಏರಿಯಲ್ ಕೀಳಿ, ಅರ್ಥ್ ತಂತಿಯೂ ಸೆಟ್ಟಿಗೆ ಅಂಟಿಕೊಂಡಿರದಂತೆ ನೋಡಿಕೊಳ್ಳಿ. ಕಿತ್ತ ಏರಿಯಲ್ಲಿನ ತುದಿಯನ್ನು ಮೇಜಿನ ಮೇಲೆ ಬಿಡಬೇಡಿ, ಕಿಟಕಿಯಿಂದ ಆಚೆ ಹಾಕಿ ಹೊರಗಿನ ಅರ್ಥ್ ಕಂಬಿಗೆ ಸಿಕ್ಕಿಸಿ. ಇದನ್ನು ಗುಡುಗು ತಲೆಯ ಮೇಲೆ ಬರುವ ಮೊದಲೇ ಮುಗಿಸಬೇಕು; ಆಮೇಲೆ ತಂತಿಗೆ ಕೈ ಹಾಕುವುದೇ ಅಪಾಯ. ಝೀರೋ ಬಲ್ಬಿನ ಪ್ಲಗ್ಗನ್ನೂ ಮರೆಯಬೇಡಿ. ಅದರ ವಯರು ಸೆಟ್ಟಿನ ಪೆಟ್ಟಿಗೆಯೊಳಗೇ ಇದೆ.